ಫಿರಂಗಿಯಿಂದ ಸುರಿಯುವ ಹಿಮಕ್ಕೂ ಚಳಿ ಬೇಕು

2026ರ ಫೆಬ್ರವರಿಯಲ್ಲಿ ಉತ್ತರ ಇಟಲಿಯ ಮಿಲಾನ್ ಮತ್ತು ಕೊರ್ಟಿನಾ ಹೆಸರಿನಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ಗೆ ಸಿದ್ಧತೆ ನಡೆಯುತ್ತಿದ್ದಾಗ ಸಂಘಟಕರು ಒಂದು ಅಂದಾಜನ್ನು ಮುಂದಿಟ್ಟಿದ್ದರು. ಸ್ಪರ್ಧೆಯ ಇಳಿಜಾರುಗಳಿಗೆ ಸುಮಾರು 24 ಲಕ್ಷ ಘನ ಮೀಟರ್ ಕೃತಕ ಹಿಮ ಬೇಕಾಗುತ್ತದೆ, ಅದನ್ನು ತಯಾರಿಸಲು ಸುಮಾರು 9.5 ಲಕ್ಷ ಘನ ಮೀಟರ್ ನೀರು ಬೇಕಾಗುತ್ತದೆ ಎಂಬುದು ಆ ಲೆಕ್ಕ. ಕೂಟ ನಡೆಯಬೇಕಿದ್ದುದು ಮರುಭೂಮಿಯಲ್ಲಲ್ಲ, ಆಲ್ಪ್ಸ್ ಪರ್ವತಗಳಲ್ಲಿ, ಅದೂ ಚಳಿಗಾಲದ ನಟ್ಟನಡುವೆ. ಸ್ಪರ್ಧಾ ಸ್ಥಳಗಳಲ್ಲೊಂದಾದ ಲಿವಿನ್ಯೋದಲ್ಲಿ ಹಿಮ ತಯಾರಿಕೆಗೆಂದೇ ಸುಮಾರು 2 ಲಕ್ಷ ಘನ ಮೀಟರ್ ನೀರು ಹಿಡಿಯುವ ಕೊಳವೊಂದನ್ನು ಎತ್ತರದ ಬೆಟ್ಟದ ಮೇಲೆ ಕಟ್ಟಿದರು.

ಇಂಥ ಅಂಕಿಗಳು ಹೊರಬಿದ್ದಾಗಲೆಲ್ಲ ಪತ್ರಿಕೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಪ್ರಕೃತಿಗೆ ಮೋಸ ಮಾಡಿ ಆಡುವ ಆಟ ಇದು ಎಂಬುದು ಒಂದು. ಹವಾಮಾನ ಕೆಟ್ಟರೂ ತಂತ್ರಜ್ಞಾನ ಕೈಹಿಡಿಯುತ್ತದೆ ಎಂಬುದು ಇನ್ನೊಂದು. ಹಿಮ ತಯಾರಾಗುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಎರಡೂ ಅರ್ಧ ಸತ್ಯ ಎನಿಸುತ್ತವೆ. ಕೃತಕ ಹಿಮದಲ್ಲಿ ಸುಳ್ಳೇನೂ ಇಲ್ಲ, ಅದು ನೀರು ಹೆಪ್ಪುಗಟ್ಟಿದ್ದೇ. ಆದರೆ ಮುಗಿಲಿನ ಹಂಗು ತಪ್ಪಿಸಿದ ಮಾತ್ರಕ್ಕೆ ಅದು ಹವಾಮಾನದ ಹಂಗನ್ನು ತಪ್ಪಿಸಿಲ್ಲ. ಹಿಮ ಬೀಳುತ್ತದೋ ಇಲ್ಲವೋ ಎಂಬ ಚಿಂತೆಯ ಜಾಗಕ್ಕೆ ಚಳಿ ಎಷ್ಟು ಗಂಟೆ ನಿಲ್ಲುತ್ತದೆ, ನೀರು ಎಲ್ಲಿದೆ, ಕರೆಂಟಿಗೆ ಯಾರು ದುಡ್ಡು ಕೊಡುತ್ತಾರೆ ಎಂಬ ಮೂರು ಚಿಂತೆಗಳು ಬಂದು ಕೂತಿವೆ. ಯಾವ ಊರಿನ ಸ್ಕೀ ಇಳಿಜಾರು ಉಳಿಯುತ್ತದೆ, ಯಾವುದು ಮುಚ್ಚುತ್ತದೆ ಎಂಬುದನ್ನು ಇಂದು ತೀರ್ಮಾನಿಸುತ್ತಿರುವುದು ಈ ಮೂರೇ.

ಈ ತಂತ್ರ ಹೊಸದಲ್ಲ. 1950ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಸ್ಕೀ ತಯಾರಿಸುತ್ತಿದ್ದ ವೇಯ್ನ್ ಪಿಯರ್ಸ್, ಆರ್ಟ್ ಹಂಟ್ ಮತ್ತು ಡೇವ್ ರಿಚಿ ಎಂಬ ಮೂವರು, ಹಿಮ ಬೀಳದ ಚಳಿಗಾಲದಿಂದ ವ್ಯಾಪಾರ ಬಿದ್ದುಹೋದಾಗ, ಬಣ್ಣ ಸಿಂಪಡಿಸುವ ಕಂಪ್ರೆಸರ್ ಹಾಗೂ ತೋಟಕ್ಕೆ ನೀರು ಹಾಯಿಸುವ ಪೈಪನ್ನು ಜೋಡಿಸಿ ಮೊದಲ ಹಿಮ ಯಂತ್ರವನ್ನು ರೂಪಿಸಿದರು. 1954ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಒಲಿಂಪಿಕ್ಸ್‌ನಲ್ಲಿ ಕೃತಕ ಹಿಮ ಮೊದಲು ಬಳಕೆಯಾದದ್ದು 1980ರಲ್ಲಿ, ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ. ಆಗ ಅದು ಕೊರತೆ ತುಂಬಿಸುವ ಉಪಾಯವಾಗಿತ್ತು. 2014ರ ಸೋಚಿಯಲ್ಲಿ ಹಿಮದ ಬಹುಪಾಲು ಯಂತ್ರದ್ದೇ ಆಯಿತು, 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಆ ಪಾಲು ಇನ್ನೂ ಹೆಚ್ಚಿತು, 2022ರ ಬೀಜಿಂಗ್ ಕೂಟವಂತೂ ಬಹುತೇಕ ಪೂರ್ತಿಯಾಗಿ ಯಂತ್ರದ ಹಿಮದ ಮೇಲೆಯೇ ನಡೆಯಿತು. ಸ್ಕೀಯಿಂಗ್ ನಡೆದ ಯಾನ್‌ಚಿಂಗ್ ಮತ್ತು ಜಾಂಗ್‌ಜಿಯಾಕೌ ಪ್ರದೇಶಗಳಲ್ಲಿ ಚಳಿ ಧಾರಾಳವಾಗಿತ್ತು, ಹಿಮವೇ ಅಪರೂಪ. ಕಂದು ಬಣ್ಣದ ಬೋಳು ಗುಡ್ಡದ ಮೇಲೆ ಬಿಳಿಯ ಪಟ್ಟಿಯೊಂದು ಇಳಿದು ಬರುತ್ತಿದ್ದ ಆ ದೃಶ್ಯವನ್ನು ಟಿವಿಯಲ್ಲಿ ನೋಡಿದವರಿಗೆ ನೆನಪಿರಬಹುದು.

ಮುಗಿಲಿನಲ್ಲಿ ಹಿಮ ಹುಟ್ಟುವುದಕ್ಕೂ ಫಿರಂಗಿ ಎಂದು ಕರೆಯುವ ಹಿಮ ಯಂತ್ರದ ಮುಂದೆ ಹುಟ್ಟುವುದಕ್ಕೂ ಇರುವ ವ್ಯತ್ಯಾಸವೇ ಮುಂದಿನ ಎಲ್ಲ ಪ್ರಶ್ನೆಗಳ ಬೇರು. ಮೋಡದೊಳಗೆ ನೀರಾವಿ ನೇರವಾಗಿ, ದ್ರವರೂಪಕ್ಕೆ ಬರದೆಯೇ, ಧೂಳಿನ ಕಣವೊಂದರ ಸುತ್ತ ಹರಳುಗಟ್ಟುತ್ತಾ ಹೋಗುತ್ತದೆ. ನೀರಿನ ಅಣುಗಳು ಜೋಡಣೆಯಾಗುವ ರೀತಿಯಿಂದಾಗಿ ಆ ಹರಳಿಗೆ ಆರು ಮೂಲೆಗಳು ಬರುತ್ತವೆ, ಮೂಲೆಗಳಿಂದ ಕವಲುಗಳು ಚಾಚುತ್ತವೆ, ಕವಲಿಗೆ ಮರಿಗವಲು ಹುಟ್ಟುತ್ತದೆ. ಇದಕ್ಕೆಲ್ಲ ಸಮಯ ಬೇಕು. ಹಿಮದ ಹಳುಕು ನಿಧಾನವಾಗಿ ತೇಲುತ್ತಾ ಇಳಿಯುವ ದಾರಿಯಲ್ಲಿ ಅದಕ್ಕೆ ಆ ಸಮಯ ಸಿಗುತ್ತದೆ. ಹೀಗೆ ಬಿದ್ದ ಹೊಸ ಹಿಮದ ಗಾತ್ರದಲ್ಲಿ ಬಹುಪಾಲು ಗಾಳಿಯೇ ಇರುತ್ತದೆ. ಒಂದು ಘನ ಮೀಟರಿನಷ್ಟು ಹೊಸ ಹಿಮದ ತೂಕ ಸಾಮಾನ್ಯವಾಗಿ 50ರಿಂದ 150 ಕಿಲೋ.

ಫಿರಂಗಿಯ ಮುಂದೆ ನಡೆಯುವುದು ಬೇರೆ ಕಥೆ. ದೊಡ್ಡ ಡೋಲಿನಾಕಾರದ ಲೋಹದ ಪೀಪಾಯಿಯೊಳಗೆ ಫ್ಯಾನು, ಅದರ ಬಾಯಿಯ ಸುತ್ತ ಉಂಗುರದಂತೆ ಜೋಡಿಸಿದ ನಾಜಲ್‌ಗಳು. ಒತ್ತಡದಲ್ಲಿ ಬರುವ ನೀರು ನಾಜಲ್‌ಗಳಿಂದ ಅತಿ ಸಣ್ಣ ಹನಿಗಳಾಗಿ ಸಿಡಿಯುತ್ತದೆ, ಫ್ಯಾನು ಆ ಹನಿಗಳನ್ನು ಹತ್ತಾರು ಮೀಟರ್ ದೂರಕ್ಕೆ ಎಸೆಯುತ್ತದೆ. ನೀರಿಗೆ ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟಲೇಬೇಕೆಂಬ ಹಟವಿಲ್ಲ. ಶುದ್ಧ ನೀರಿನ ಸಣ್ಣ ಹನಿಗಳು ಮೈನಸ್ 38 ಡಿಗ್ರಿಯ ಆಸುಪಾಸಿನವರೆಗೂ ದ್ರವವಾಗಿಯೇ ಉಳಿಯಬಲ್ಲವು, ಅವುಗಳಿಗೆ ಹೆಪ್ಪು ಹಾಕುವ ಕಣವೊಂದು ಬೇಕು. ಅದಕ್ಕಾಗಿ ಬೇರೆಯೇ ಕೆಲವು ನಾಜಲ್‌ಗಳಲ್ಲಿ ನೀರಿನೊಂದಿಗೆ ಒತ್ತಿದ ಗಾಳಿಯನ್ನು ಬೆರೆಸಿ ಬಿಡುತ್ತಾರೆ. ಗಾಳಿ ಹಿಗ್ಗಿದಾಗ ಥಟ್ಟನೆ ತಣ್ಣಗಾಗಿ ಸೂಕ್ಷ್ಮ ಮಂಜುಗಡ್ಡೆಯ ಬೀಜಗಳು ಹುಟ್ಟುತ್ತವೆ, ಅವು ಉಳಿದ ಹನಿಗಳಿಗೆ ತಗುಲಿ ಅವನ್ನೂ ಹೆಪ್ಪುಗಟ್ಟಿಸುತ್ತವೆ. ಅಮೆರಿಕದಲ್ಲಿ ಇದಕ್ಕೆ ಸ್ಯೂಡೊಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾದಿಂದ ತೆಗೆದ ಪ್ರೋಟೀನನ್ನು ನೀರಿಗೆ ಸೇರಿಸುವುದೂ ಉಂಟು. ಗಿಡಗಳ ಎಲೆಯ ಮೇಲೆ ಮಂಜು ಕಟ್ಟಿಸಿ ಬೆಳೆ ಸುಡುವ ಬ್ಯಾಕ್ಟೀರಿಯಾ ಅದು. ಆಸ್ಟ್ರಿಯಾದಂಥ ಕಡೆ ಇಂಥ ಸೇರ್ಪಡೆಗಳಿಗೆ ಅವಕಾಶವಿಲ್ಲ.

ಹನಿಗೆ ನೆಲ ಮುಟ್ಟುವ ಮುಂಚೆ ಸಿಗುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಕವಲು ಚಾಚುವ ಪುರಸೊತ್ತು ಎಲ್ಲಿಯದು? ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತಾ ಅದು ಒಂದು ಮಿಲಿಮೀಟರಿಗೂ ಚಿಕ್ಕದಾದ ಮಂಜುಗಡ್ಡೆಯ ಗುಂಡಾಗಿ ಬೀಳುತ್ತದೆ. ಗುಂಡುಗಳು ಒತ್ತೊತ್ತಾಗಿ ಕೂರುವುದರಿಂದ ಒಂದು ಘನ ಮೀಟರ್ ಯಂತ್ರದ ಹಿಮ 400ರಿಂದ 500 ಕಿಲೋ ತೂಗುತ್ತದೆ. ಒಂದು ಘನ ಮೀಟರ್ ನೀರಿನಿಂದ ಎರಡು ಅಥವಾ ಎರಡೂವರೆ ಘನ ಮೀಟರ್ ಹಿಮ ಮಾತ್ರ ಸಿಗುವುದೂ ಇದೇ ಕಾರಣಕ್ಕೆ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಥರ್ಮಾಮೀಟರ್ ತೋರಿಸುವ ಉಷ್ಣಾಂಶವಲ್ಲ. ನೀರು ಹೆಪ್ಪುಗಟ್ಟುವಾಗ ತನ್ನೊಳಗಿನ ಶಾಖವನ್ನು ಹೊರಹಾಕಬೇಕು; ಒಂದು ಲೀಟರಿಗೆ ಸುಮಾರು 334 ಕಿಲೋಜೂಲ್. ಆ ಶಾಖವನ್ನು ಹೊತ್ತೊಯ್ಯುವುದು ಸುತ್ತಲಿನ ತಣ್ಣನೆಯ ಗಾಳಿ ಮತ್ತು ಹನಿಯ ಮೈಯಿಂದ ಆವಿಯಾಗುವ ಒಂದಿಷ್ಟು ನೀರು. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ಮೈಯಿಂದ ಜಿನುಗಿ ಆವಿಯಾಗುತ್ತಾ ಒಳಗಿನ ನೀರನ್ನು ತಣ್ಣಗಿಡುವ ಹಾಗೆ, ಹನಿಯೂ ತನ್ನದೇ ಒಂದು ಪಾಲನ್ನು ಕಳೆದುಕೊಂಡು ತಣ್ಣಗಾಗುತ್ತದೆ. ಒಣಹವೆಯಲ್ಲಿ ಹೂಜಿ ಚೆನ್ನಾಗಿ ತಣಿಸುತ್ತದೆ, ತೇವದ ಹವೆಯಲ್ಲಿ ತಣಿಸುವುದಿಲ್ಲ. ಹಿಮದ ಫಿರಂಗಿಗೂ ಅದೇ ನಿಯಮ. ಉಷ್ಣಾಂಶ ಮತ್ತು ತೇವಾಂಶ ಎರಡನ್ನೂ ಸೇರಿಸಿ ಅಳೆಯುವ ವೆಟ್ ಬಲ್ಬ್ ತಾಪಮಾನ ಸುಮಾರು ಮೈನಸ್ ಎರಡೂವರೆಗೆ ಇಳಿದರೆ ಕೆಲಸ ಶುರುಮಾಡಬಹುದು. ಗಾಳಿಯಲ್ಲಿ ಅರ್ಧದಷ್ಟೇ ತೇವವಿದ್ದರೆ ಸೊನ್ನೆ ಡಿಗ್ರಿಯಲ್ಲೂ ಹಿಮ ತಯಾರಾಗುತ್ತದೆ. ತೇವ ತುಂಬಿದ ಮಂಜು ಮುಸುಕಿದ್ದರೆ ಮೈನಸ್ ಒಂದರಲ್ಲೂ ಬರೀ ನೀರು ಚಿಮ್ಮುತ್ತದೆ. ಬೀಜಿಂಗ್‌ನ ಗುಡ್ಡಗಳಲ್ಲಿ ಹಿಮ ಬೀಳದಿದ್ದರೂ ಫಿರಂಗಿಗಳು ಸಲೀಸಾಗಿ ಕೆಲಸ ಮಾಡಿದ್ದರ ಗುಟ್ಟು ಅಲ್ಲಿನ ಒಣ ಚಳಿ. ಚಳಿ ಇಲ್ಲದ ಕಡೆ ಈ ಯಂತ್ರ ಬರೀ ಕಾರಂಜಿ.

ಯಂತ್ರದ ಹಿಮ ಕೀಳು ಎಂದು ಭಾವಿಸುವವರಿಗೆ ಒಂದು ವಿಷಯ ಅಚ್ಚರಿಯಾಗಬಹುದು. ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಇಳಿಯುವ ಡೌನ್‌ಹಿಲ್ ಸ್ಪರ್ಧೆಗಳ ಸಂಘಟಕರಿಗೆ ಬೇಕಾಗಿರುವುದೇ ಅದು. ಮೊದಲ ಸ್ಪರ್ಧಿ ಇಳಿದಾಗ ಹೇಗಿತ್ತೋ ಐವತ್ತನೆಯವರು ಇಳಿಯುವಾಗಲೂ ಹಾಗೆಯೇ ಇರಬೇಕೆಂದರೆ ನೆಲ ಗಟ್ಟಿಯಾಗಿರಬೇಕು. ಅದಕ್ಕಾಗಿ ಹಿಮದೊಳಕ್ಕೆ ನೀರನ್ನು ಚುಚ್ಚಿ ಇನ್ನಷ್ಟು ಗಡುಸು ಮಾಡುತ್ತಾರೆ. ಸ್ಪರ್ಧೆಯ ಹಿಂದಿನ ರಾತ್ರಿ ಮುಗಿಲಿನಿಂದ ಮೆತ್ತನೆಯ ಹಿಮ ಬಿದ್ದರೆ ಅದು ಅವರಿಗೆ ತಲೆನೋವು. ಬೆಳಗ್ಗೆ ಸಾಲುಗಟ್ಟಿ ನಿಂತ ಕೆಲಸಗಾರರು ಸಲಿಕೆಗಳಿಂದಲೂ ಸ್ಕೀಗಳ ಅಂಚಿನಿಂದಲೂ ಆ ಹೊಸ ಹಿಮವನ್ನು ಪಕ್ಕಕ್ಕೆ ತಳ್ಳುತ್ತಾರೆ. ಪ್ರವಾಸಿಗರು ಹಾತೊರೆಯುವ ನಯವಾದ ಪುಡಿಹಿಮವನ್ನು ಕಸದಂತೆ ಬಳಿದು ಹಾಕುವ ಈ ನೋಟ ವಿಶ್ವಕಪ್ ಸರಣಿಯಲ್ಲಿ ಮಾಮೂಲಿ. ಸಮತಟ್ಟು ದಾರಿಯಲ್ಲಿ ಕಿಲೋಮೀಟರುಗಟ್ಟಲೆ ಸಾಗುವ ಕ್ರಾಸ್ ಕಂಟ್ರಿ ಸ್ಕೀಯರ್‌ಗಳ ಅನುಭವ ಮಾತ್ರ ಬೇರೆ. ಅವರ ಸ್ಕೀಗಳು ತೆಳು, ಅಂಚಿಗೆ ಲೋಹದ ಹಿಡಿತವಿಲ್ಲ. ಗಡುಸಾದ ಮಂಜಿನ ಮೇಲೆ ಇಳಿಜಾರಿನ ತಿರುವಿನಲ್ಲಿ ಬಿದ್ದರೆ ಪೆಟ್ಟು ಜೋರು. ಉದ್ದದ ದಾರಿಗೆಲ್ಲ ಹಿಮ ತಯಾರಿಸುವುದು ದುಬಾರಿಯಾದ್ದರಿಂದ ಅವರ ಓಟದ ಸುತ್ತುಗಳೂ ಹಲವೆಡೆ ಗಿಡ್ಡವಾಗಿವೆ.

ನೀರಿನ ವಿಷಯಕ್ಕೆ ಬರೋಣ, ಏಕೆಂದರೆ ಜಗಳವೆಲ್ಲ ಇರುವುದು ಅಲ್ಲಿ. ಒಂದು ಹೆಕ್ಟೇರ್ ಇಳಿಜಾರಿಗೆ 30 ಸೆಂಟಿಮೀಟರ್ ದಪ್ಪದ ತಳಪದರ ಹಾಸಬೇಕು ಎಂದುಕೊಳ್ಳಿ. ಮೇಲೆ ಹೇಳಿದ ಸಾಂದ್ರತೆಯಲ್ಲಿ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 13.5 ಲಕ್ಷ ಲೀಟರ್ ನೀರು ಬೇಕು, ದಾರಿಯಲ್ಲಿ ಕಳೆದುಹೋಗುವ ನೀರು ಬೇರೆ. ಆ ನಷ್ಟ ಸಣ್ಣದೇನಲ್ಲ. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿರುವ ಹಿಮ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ಕ್ಷೇತ್ರ ಪ್ರಯೋಗಗಳ ಪ್ರಕಾರ ಫ್ಯಾನ್ ಫಿರಂಗಿಗಳಲ್ಲಿ ಶೇ 7ರಿಂದ ಶೇ 35ರವರೆಗೆ, ಎತ್ತರದ ಕಂಬದ ತುದಿಯಿಂದ ಸಿಂಪಡಿಸುವ ಲ್ಯಾನ್ಸ್‌ಗಳಲ್ಲಿ ಶೇ 15ರಿಂದ ಶೇ 52ರವರೆಗೆ ನೀರು ಇಳಿಜಾರನ್ನು ತಲುಪದೆ ಆವಿಯಾಗಿ ಅಥವಾ ಗಾಳಿಗೆ ತೂರಿ ಹೋಗುತ್ತದೆ. ಹವೆ ಬೆಚ್ಚಗಾದಷ್ಟೂ ನಷ್ಟ ಹೆಚ್ಚು. ಅಂದರೆ ಹಿಮಕ್ಕೆ ಬರ ಹೆಚ್ಚಾಗುವ ವರ್ಷಗಳಲ್ಲೇ ಯಂತ್ರವೂ ಹೆಚ್ಚು ನೀರನ್ನು ಪೋಲು ಮಾಡುತ್ತದೆ.

ಒಟ್ಟು ನೀರಿನ ಪ್ರಮಾಣಕ್ಕಿಂತಲೂ ಕಾಡುವ ಸಮಸ್ಯೆ ಅದು ಬೇಕಾಗುವ ಹೊತ್ತು. ಕ್ರಿಸ್ಮಸ್ ಮತ್ತು ಹೊಸ ವರ್ಷದ ರಜೆಯ ವ್ಯಾಪಾರ ಕೈತಪ್ಪಿದರೆ ಸ್ಕೀ ಕೇಂದ್ರಕ್ಕೆ ಇಡೀ ವರ್ಷದ ಲೆಕ್ಕ ಏರುಪೇರಾಗುತ್ತದೆ. ಹಾಗಾಗಿ ನವೆಂಬರಿನಲ್ಲೋ ಡಿಸೆಂಬರಿನ ಆರಂಭದಲ್ಲೋ ಮೂರರಿಂದ ಐದು ದಿನ ಒಳ್ಳೆಯ ಚಳಿ ಸಿಕ್ಕಿತೆಂದರೆ ಆ ಗಳಿಗೆಯಲ್ಲೇ ಎಲ್ಲ ಇಳಿಜಾರುಗಳಿಗೂ ತಳಪದರ ಹಾಸಿ ಮುಗಿಸಬೇಕು. ರಾತ್ರಿ ಹಗಲೆನ್ನದೆ ನೂರಾರು ಫಿರಂಗಿಗಳು ಒಟ್ಟಿಗೆ ಓಡುತ್ತವೆ. ಬೆಟ್ಟದ ತೊರೆಗಳು ಆ ವೇಗಕ್ಕೆ ನೀರು ಕೊಡಲಾರವು. ಚಳಿಗಾಲದಲ್ಲಿ ಬಿದ್ದದ್ದೆಲ್ಲ ಮೇಲೆ ಹಿಮವಾಗಿ ಕೂತಿರುವುದರಿಂದ ಆಲ್ಪ್ಸ್‌ನ ಎತ್ತರದ ಹಳ್ಳಗಳಲ್ಲಿ ವರ್ಷದ ಅತಿ ಕಡಿಮೆ ಹರಿವು ಇರುವುದೇ ಆಗ. ಬೇಸಿಗೆ ಮತ್ತು ಶರತ್ಕಾಲದಲ್ಲಿ ನೀರು ತುಂಬಿಸಿಟ್ಟುಕೊಳ್ಳಲು ಬೆಟ್ಟದ ನೆತ್ತಿಯ ಬಳಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೊಳಗಳು ಹುಟ್ಟಿಕೊಂಡದ್ದು ಹೀಗೆ. ವಸಂತದಲ್ಲಿ ಹಿಮ ಕರಗಿ ನೀರು ಹಳ್ಳಕ್ಕೇ ಮರಳುತ್ತದೆ, ಇದು ಬರೀ ಕೈಸಾಲ ಎಂದು ಉದ್ಯಮದವರು ವಾದಿಸುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಆದರೆ ಆವಿಯಾದ ಪಾಲು ಮರಳುವುದಿಲ್ಲ, ಉಳಿದದ್ದೂ ಎತ್ತಿದ ಕಡೆಗೇ ಎತ್ತಿದ ಹೊತ್ತಿಗೇ ಮರಳುತ್ತದೆಂದೇನಿಲ್ಲ. ಕೆಳಗಿನ ಊರಿನವರಿಗೆ ಮುಖ್ಯವಾಗುವುದು ಅದೇ.

ಫ್ರಾನ್ಸಿನ ಲಾ ಕ್ಲುಸಾಜ್ ಎಂಬ ಸ್ಕೀ ಊರಿನಲ್ಲಿ ಈ ಜಗಳ ಬೀದಿಗೆ ಬಂತು. ಬೋರೆಗಾರ್ ಪ್ರಸ್ಥಭೂಮಿಯ ಕಾಡಿನಲ್ಲಿ 1,48,000 ಘನ ಮೀಟರಿನ ಕೊಳ ಕಟ್ಟುವ ಯೋಜನೆಯನ್ನು ಸ್ಥಳೀಯ ಆಡಳಿತ ಮುಂದಿಟ್ಟಾಗ, ನೀರಿನ ಒಂದು ಭಾಗ ಕುಡಿಯುವುದಕ್ಕೂ ಬಳಕೆಯಾಗುತ್ತದೆಂಬ ಭರವಸೆಯಿಂದ ಪರಿಸರ ಹೋರಾಟಗಾರರು ಸಮಾಧಾನಗೊಳ್ಳಲಿಲ್ಲ. ಅವರು ಕಾಡಿನಲ್ಲೇ ಬಿಡಾರ ಹೂಡಿದರು. 2022ರ ಅಕ್ಟೋಬರಿನಲ್ಲಿ ನ್ಯಾಯಾಲಯ ಕಾಮಗಾರಿಯ ಅನುಮತಿಯನ್ನು ತಡೆಹಿಡಿಯಿತು. ಆ ವರ್ಷದ ಬೇಸಿಗೆಯಲ್ಲಿ ಫ್ರಾನ್ಸ್ ಭಾರಿ ಬರಗಾಲವನ್ನು ಕಂಡಿತ್ತು ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು.

ಅದಾದ ಕೆಲವೇ ತಿಂಗಳಲ್ಲಿ, 2023ರ ಹೊಸ ವರ್ಷದ ಹೊತ್ತಿಗೆ, ಯುರೋಪಿನ ತುಂಬ ಚಳಿಗಾಲದ ಉಷ್ಣಾಂಶದ ದಾಖಲೆಗಳು ಉರುಳಿಬಿದ್ದವು. ಸ್ವಿಟ್ಜರ್ಲೆಂಡಿನ ದೆಲೆಮಾನ್‌ನಲ್ಲಿ 20 ಡಿಗ್ರಿ ದಾಟಿತು. ಅದೇ ವಾರ ಅಡೆಲ್‌ಬೋಡೆನ್‌ನ ಹೆಸರಾಂತ ವಿಶ್ವಕಪ್ ಸ್ಪರ್ಧೆ ನಡೆದದ್ದು ಹಸಿರು ಮತ್ತು ಕಂದು ಹುಲ್ಲುಗಾವಲಿನ ನಡುವೆ ಯಂತ್ರದ ಹಿಮದಿಂದ ಹಾಸಿದ ಒಂದೇ ಒಂದು ಪಟ್ಟಿಯ ಮೇಲೆ. ಕೃತಕ ಹಿಮದ ಗೆಲುವು ಎಂದು ಕೆಲವರು ಇದನ್ನು ಕರೆದರು. ಸ್ಪರ್ಧೆ ನಡೆದದ್ದು ನಿಜ; ಆದರೆ ಮೊದಲೇ ಸಿಕ್ಕ ಚಳಿಯಲ್ಲಿ ತಯಾರಿಸಿಟ್ಟ ದಟ್ಟ ಹಿಮ ಬಿಸಿಲನ್ನು ತಾಳಿಕೊಂಡಿತೇ ಹೊರತು, ಆ ಬೆಚ್ಚನೆಯ ದಿನಗಳಲ್ಲಿ ಹೊಸದಾಗಿ ಒಂದು ಬುಟ್ಟಿ ಹಿಮವನ್ನೂ ಮಾಡಲು ಸಾಧ್ಯವಿರಲಿಲ್ಲ.

ದೀರ್ಘಕಾಲದ ಅಳತೆಗಳು ಹೇಳುವುದೂ ಇದನ್ನೇ. ಆಲ್ಪ್ಸ್‌ನ ಆರು ದೇಶಗಳ 2,000ಕ್ಕೂ ಹೆಚ್ಚು ಕೇಂದ್ರಗಳ ದಾಖಲೆಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1971ರಿಂದ 2019ರ ನಡುವೆ ನವೆಂಬರ್‌ನಿಂದ ಮೇ ತನಕದ ಸರಾಸರಿ ಹಿಮದ ಆಳ ಪ್ರತಿ ದಶಕಕ್ಕೆ ಶೇ 8.4ರಷ್ಟು ಇಳಿದಿದೆ, 2,000 ಮೀಟರಿಗಿಂತ ತಗ್ಗಿನಲ್ಲಿ ಹಿಮದ ಹೊದಿಕೆ ಇರುವ ಅವಧಿ ಮೂರು ವಾರದಿಂದ ಐದು ವಾರದವರೆಗೆ ಕುಗ್ಗಿದೆ. ಮುಂದಿನ ದಿನಗಳ ಕುರಿತು ಫ್ರಾನ್ಸಿನ ಹ್ಯೂಗ್ ಫ್ರಾಂಸ್ವಾ, ಸಾಮ್ಯುಯೆಲ್ ಮೊರೆನ್ ಮತ್ತು ಸಂಗಡಿಗರು 28 ಯುರೋಪಿಯನ್ ದೇಶಗಳ 2,234 ಸ್ಕೀ ಕೇಂದ್ರಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟಿಸಿದ ಲೆಕ್ಕಾಚಾರ ಹೆಚ್ಚು ಉಪಯುಕ್ತ, ಏಕೆಂದರೆ ಅದು ಯಂತ್ರವಿದ್ದರೆ ಮತ್ತು ಇಲ್ಲದಿದ್ದರೆ ಎಂಬ ಎರಡೂ ಸ್ಥಿತಿಗಳನ್ನು ತೂಗಿ ನೋಡುತ್ತದೆ. ಭೂಮಿಯ ಉಷ್ಣಾಂಶ 2 ಡಿಗ್ರಿ ಏರಿದರೆ, ಯಂತ್ರವಿಲ್ಲದೆ ಶೇ 53ರಷ್ಟು ಕೇಂದ್ರಗಳು ಹಿಮಾಭಾವದ ಅತಿ ಹೆಚ್ಚಿನ ಅಪಾಯಕ್ಕೆ ಸಿಲುಕುತ್ತವೆ. ಅರ್ಧದಷ್ಟು ಇಳಿಜಾರಿಗೆ ಯಂತ್ರದ ಹಿಮ ಒದಗಿಸಿದರೆ ಆ ಪಾಲು ಶೇ 27ಕ್ಕೆ ಇಳಿಯುತ್ತದೆ. ಏರಿಕೆ 4 ಡಿಗ್ರಿಯಾದರೆ ಯಂತ್ರವಿಲ್ಲದೆ ಶೇ 98, ಯಂತ್ರವಿದ್ದರೂ ಶೇ 71. ಮೊದಲ ಜೋಡಿ ಅಂಕಿಗಳನ್ನು ಉದ್ಯಮದವರು ಎತ್ತಿ ತೋರಿಸುತ್ತಾರೆ, ಎರಡನೆಯ ಜೋಡಿಯನ್ನು ವಿರೋಧಿಗಳು. ಎರಡನ್ನೂ ಒಟ್ಟಿಗೆ ಓದಿದವರಿಗೆ ಮಾತ್ರ ಯಂತ್ರದ ಉಪಯೋಗವೂ ಅದರ ಗಡಿಯೂ ಕಾಣುತ್ತವೆ.

ಒಲಿಂಪಿಕ್ಸ್ ಮಟ್ಟಕ್ಕೂ ಇದು ಅನ್ವಯಿಸುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗಾಗಿ ನಡೆದ ಅಧ್ಯಯನವೊಂದು, ಮೂಲಸೌಕರ್ಯವಿರುವ 93 ಸ್ಥಳಗಳ ಪೈಕಿ 2050ರ ದಶಕದಲ್ಲಿ ಚಳಿಗಾಲದ ಕೂಟಕ್ಕೆ ಹವಾಮಾನದ ಭರವಸೆ ಇರುವುದು 52ಕ್ಕೆ ಮಾತ್ರ ಎಂದು ಕಂಡುಕೊಂಡಿದೆ. 2080ರ ದಶಕಕ್ಕೆ ಆ ಸಂಖ್ಯೆ ಇನ್ನೂ ಇಳಿಯುತ್ತದೆ. ಇದು ಹಿಮ ಯಂತ್ರಗಳ ನೆರವನ್ನು ಗಣನೆಗೆ ತೆಗೆದುಕೊಂಡ ನಂತರದ ಮಾತು ಎಂಬುದನ್ನು ಮರೆಯಬಾರದು.

ಪರಿಸರದ ಮೇಲಿನ ಪರಿಣಾಮದ ಬಗ್ಗೆ ಹೇಳುವಾಗ ಅವಸರ ಸಲ್ಲದು. ದಪ್ಪನೆಯ ಯಂತ್ರದ ಹಿಮ ನೆಲವನ್ನು ಉಸಿರುಗಟ್ಟಿಸುತ್ತದೆ ಎಂಬ ಮಾತು ಸಾಮಾನ್ಯ. ಸ್ವಿಟ್ಜರ್ಲೆಂಡಿನಲ್ಲಿ ಅಳೆದು ನೋಡಿದಾಗ ಚಿತ್ರ ಸ್ವಲ್ಪ ಬೇರೆ ಬಂತು. ತೆಳುವಾದ ಸಹಜ ಹಿಮವನ್ನು ಯಂತ್ರಗಳಿಂದ ಒತ್ತಿ ಚಪ್ಪಟೆ ಮಾಡಿದ ಇಳಿಜಾರುಗಳಲ್ಲಿ ಮಣ್ಣು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ, ಯಂತ್ರದ ಹಿಮ ದಪ್ಪವಾಗಿ ಹಾಸಿದ ಕಡೆ ಮಣ್ಣು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ತೊಂದರೆ ಬರುವುದು ವಸಂತದಲ್ಲಿ: ಅಕ್ಕಪಕ್ಕದ ಹುಲ್ಲು ಚಿಗುರಿದ ಮೇಲೂ ಎರಡು ಮೂರು ವಾರ ಇಳಿಜಾರು ಹಿಮದಡಿಯಲ್ಲೇ ಇರುತ್ತದೆ, ಬೇಗ ಹೂಬಿಡುವ ಗಿಡಗಳಿಗೆ ಸಮಯ ಸಾಲುವುದಿಲ್ಲ. ಜೊತೆಗೆ ತೊರೆಯ ನೀರಿನಲ್ಲಿರುವ ಖನಿಜಗಳು ಬಡ ಮಣ್ಣಿಗೆ ಸೇರಿ, ಆ ಬಡತನಕ್ಕೇ ಒಗ್ಗಿಕೊಂಡ ಎತ್ತರದ ಸಸ್ಯಗಳ ಜಾಗವನ್ನು ಬೇರೆ ಸಸ್ಯಗಳು ಹಿಡಿಯುತ್ತವೆ. ಇದೆಲ್ಲಕ್ಕಿಂತ ಹೆಚ್ಚಿನ ಹಾನಿ ಬುಲ್ಡೋಜರ್‌ನದು. ಪೈಪ್ ಹೂಳಲು, ಇಳಿಜಾರನ್ನು ನುಣುಪು ಮಾಡಲು ಒಮ್ಮೆ ಕಿತ್ತ ಎತ್ತರದ ಹುಲ್ಲುಗಾವಲು ಮತ್ತೆ ಮೊದಲಿನಂತಾಗಲು ದಶಕಗಳು ಹಿಡಿಯುತ್ತವೆ. ವಿದ್ಯುತ್ತಿನ ವಿಷಯದಲ್ಲೂ ಹೀಗೆಯೇ. ಹಿಮ ಯಂತ್ರಗಳು ಕರೆಂಟು ನುಂಗುತ್ತವೆ ನಿಜ, ಆದರೆ ಸ್ಕೀ ರಜೆಯೊಂದರ ಇಂಗಾಲದ ಲೆಕ್ಕದಲ್ಲಿ ದೊಡ್ಡ ಪಾಲು ಪ್ರವಾಸಿಗರು ಕಾರಿನಲ್ಲೋ ವಿಮಾನದಲ್ಲೋ ಬಂದು ಹೋಗುವುದರದ್ದು. ಫಿರಂಗಿಯನ್ನೇ ಖಳನಾಯಕ ಮಾಡುವುದು ಸುಲಭ, ಆದರೆ ಆ ಲೆಕ್ಕ ನೋಡಿದರೆ ಅದು ಸರಿಯಲ್ಲ.

ಹಾಗಾದರೆ ಆಕ್ಷೇಪ ಎಲ್ಲಿದೆ? ನನಗೆ ಕಾಣುವಂತೆ ಅದು ಹಣದಲ್ಲಿದೆ. ಇಟಲಿಯ ಸ್ಕೀ ಇಳಿಜಾರುಗಳಲ್ಲಿ ಶೇ 90ರಷ್ಟಕ್ಕೆ ಕೃತಕ ಹಿಮದ ಸೌಲಭ್ಯವಿದೆ ಎನ್ನುತ್ತಾರೆ; ಆಸ್ಟ್ರಿಯಾದಲ್ಲಿ ಸುಮಾರು ಶೇ 70, ಸ್ವಿಟ್ಜರ್ಲೆಂಡಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಫ್ರಾನ್ಸಿನಲ್ಲಿ ಶೇ 40ರ ಒಳಗೆ. ಸ್ವಿಟ್ಜರ್ಲೆಂಡಿನಲ್ಲಿ ಒಂದು ಕಿಲೋಮೀಟರ್ ಇಳಿಜಾರಿಗೆ ಪೈಪು, ಪಂಪು, ಫಿರಂಗಿ ಎಲ್ಲ ಅಳವಡಿಸಲು ಸುಮಾರು 10 ಲಕ್ಷ ಫ್ರಾಂಕ್ ಬೇಕಾಗುತ್ತದೆ. ಎತ್ತರದಲ್ಲಿರುವ ದೊಡ್ಡ ಕೇಂದ್ರ ಈ ಖರ್ಚನ್ನು ಟಿಕೆಟ್ಟಿನ ಮೇಲೆ ಹಾಕಿ ದಕ್ಕಿಸಿಕೊಳ್ಳುತ್ತದೆ. ತಗ್ಗಿನಲ್ಲಿರುವ, ಅಕ್ಕಪಕ್ಕದ ಪಟ್ಟಣದ ಮಕ್ಕಳು ವಾರಾಂತ್ಯಕ್ಕೆ ಬಂದು ಸ್ಕೀ ಕಲಿಯುವ ಸಣ್ಣ ಕೇಂದ್ರಕ್ಕೆ ಚಳಿಯ ಗಂಟೆಗಳೂ ಕಡಿಮೆ, ಹಣವೂ ಕಡಿಮೆ. ಹಾಗಾದಾಗ ಅದು ಸರ್ಕಾರದ ಕಡೆ ಕೈಚಾಚುತ್ತದೆ. ಫ್ರಾನ್ಸಿನ ಲೆಕ್ಕಪರಿಶೋಧನಾ ನ್ಯಾಯಾಲಯ 42 ಸ್ಕೀ ಕೇಂದ್ರಗಳನ್ನು ಪರಿಶೀಲಿಸಿ 2024ರ ಫೆಬ್ರವರಿಯಲ್ಲಿ ನೀಡಿದ ವರದಿ ಈ ಜಾಗದಲ್ಲೇ ಬೆರಳಿಟ್ಟಿತು. ಹಿಮ ತಯಾರಿಕೆ ಕೊಡುವ ರಕ್ಷಣೆ ಸೀಮಿತ ಮತ್ತು ತಾತ್ಕಾಲಿಕ, ಸಾರ್ವಜನಿಕ ಹಣವನ್ನು ಅದಕ್ಕೆ ಸುರಿಯುವ ಮುನ್ನ ಆ ಊರಿನ ಹವಾಮಾನ ಎಷ್ಟು ವರ್ಷ ಅದಕ್ಕೆ ಸಹಕರಿಸುತ್ತದೆ ಎಂದು ನೋಡಬೇಕು ಎಂಬುದು ಅದರ ನಿಲುವು. ಕೇಂದ್ರಗಳ ಸಂಘದವರು ಸಿಟ್ಟಾದರು. ಫ್ರಾನ್ಸಿನದೇ ಜೂರಾ ಬೆಟ್ಟಗಳ ಮೆಟಾಬ್ಯೆಫ್ ಸ್ಕೀ ಕೇಂದ್ರ ಆ ಹೊತ್ತಿಗಾಗಲೇ ಆ ಲೆಕ್ಕ ಹಾಕಿ ಮುಗಿಸಿತ್ತು: 2030ರಿಂದ 2035ರ ಸುಮಾರಿಗೆ ಇಳಿಜಾರು ಸ್ಕೀಯಿಂಗ್ ನಿಲ್ಲುತ್ತದೆಂದು ಒಪ್ಪಿಕೊಂಡು, ಹೊಸ ದೊಡ್ಡ ಹೂಡಿಕೆ ಬಿಟ್ಟು, ಇರುವ ಲಿಫ್ಟ್‌ಗಳನ್ನು ದುರಸ್ತಿ ಮಾಡಿಕೊಂಡು ಓಡಿಸುವ ದಾರಿ ಹಿಡಿದಿತ್ತು.

ಚಳಿಯ ಹಂಗಿಲ್ಲದೆ ಹಿಮ ಮಾಡುವ ಯಂತ್ರಗಳಿಲ್ಲವೇ ಎಂದು ಕೇಳಬಹುದು. ಇವೆ. ಸ್ವಿಟ್ಜರ್ಲೆಂಡಿನ ತ್ಸೆರ್ಮಾಟ್ ಮತ್ತು ಆಸ್ಟ್ರಿಯಾದ ಪಿಟ್ಸ್‌ಟಾಲ್‌ಗಳಲ್ಲಿ ಇಸ್ರೇಲಿನ ಕಂಪನಿಯೊಂದರ ಯಂತ್ರಗಳು ನಿರ್ವಾತದಲ್ಲಿ ನೀರನ್ನು ಹೆಪ್ಪುಗಟ್ಟಿಸುತ್ತವೆ, ಹೊರಗೆ ಬಿಸಿಲಿದ್ದರೂ ಅವು ಕೆಲಸ ಮಾಡುತ್ತವೆ. ಕಟ್ಟಡದ ಗಾತ್ರದ ಆ ಯಂತ್ರ ಒಂದು ಮುಖ್ಯ ದಾರಿಗೆ ಸಾಲುವಷ್ಟು ಹಿಮ ಕೊಡಬಹುದು, ಇಡೀ ಬೆಟ್ಟಕ್ಕಲ್ಲ. 2020ರ ಫೆಬ್ರವರಿಯಲ್ಲಿ ಫ್ರಾನ್ಸಿನ ಪಿರನೀಸ್ ಬೆಟ್ಟಗಳ ಲುಶೋಂ ಕೇಂದ್ರಕ್ಕೆ ಹೆಲಿಕಾಪ್ಟರಿನಲ್ಲಿ 50 ಟನ್ ಹಿಮ ಸಾಗಿಸಿ ದೇಶದಾದ್ಯಂತ ನಗೆಪಾಟಲಾದದ್ದೂ ಉಂಟು. ಇವುಗಳಿಗಿಂತ ದಾವೋಸ್‌ನ ಉಪಾಯ ಹೆಚ್ಚು ವಿವೇಕದ್ದು. ಚಳಿ ಹೆಚ್ಚಿರುವಾಗ ತಯಾರಿಸಿದ ಹಿಮವನ್ನು ಗುಡ್ಡೆ ಹಾಕಿ, ಮೇಲೆ 40 ಸೆಂಟಿಮೀಟರ್ ದಪ್ಪ ಮರದ ಹೊಟ್ಟು ಹರಡಿ ಬೇಸಿಗೆಯನ್ನು ದಾಟಿಸುತ್ತಾರೆ. ಸುಮಾರು ಮುಕ್ಕಾಲು ಭಾಗ ಉಳಿಯುತ್ತದೆ. ಅಕ್ಟೋಬರ್ ಕೊನೆಗೆ ಹೊಟ್ಟು ಸರಿಸಿ ಹಿಮವನ್ನು ಹರಡಿದರೆ ಕೆಲವು ಕಿಲೋಮೀಟರಿನ ಕ್ರಾಸ್ ಕಂಟ್ರಿ ದಾರಿ ಸಿದ್ಧ. ಕಡಿದಾದ ಇಳಿಜಾರುಗಳಿಗೆ ಇದು ಅಷ್ಟಾಗಿ ಒಗ್ಗುವುದಿಲ್ಲ.

ಭಾರತಕ್ಕೂ ಈ ಚರ್ಚೆ ದೂರದ್ದಲ್ಲ. ಕಾಶ್ಮೀರದ ಗುಲ್ಮಾರ್ಗ್ 2024ರ ಜನವರಿಯಲ್ಲಿ, ಚಿಲ್ಲೈ ಕಲಾನ್ ಎಂದು ಕಾಶ್ಮೀರಿಗಳು ಕರೆಯುವ ನಲವತ್ತು ದಿನಗಳ ಕಡುಚಳಿಯ ಅವಧಿಯಲ್ಲೇ, ಬಹುಪಾಲು ಬೋಳಾಗಿತ್ತು. ಮೆಡಿಟರೇನಿಯನ್ ಕಡೆಯಿಂದ ಬಂದು ಹಿಮ ಸುರಿಸುವ, ಹವಾಮಾನ ಇಲಾಖೆಯವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುವ ಮಾರುತಗಳು ಆ ತಿಂಗಳು ಕೈಕೊಟ್ಟಿದ್ದವು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಹಿಮದ ಸ್ಪರ್ಧೆಗಳನ್ನು ಹಿಮವಿಲ್ಲದೆ ಮುಂದೂಡಿ ಮಾರ್ಚಿನಲ್ಲಿ ನಡೆಸಬೇಕಾಯಿತು. ಈ ಕೂಟದಲ್ಲಿ ಕ್ರಾಸ್ ಕಂಟ್ರಿ ಪದಕಗಳನ್ನು ಗೆದ್ದು ಹೆಸರಾದ ಕೊಡಗಿನ ತೆಕ್ಕಡ ಭವಾನಿಯವರಂಥ, ಹಿಮವೇ ಬೀಳದ ನಾಡಿನಿಂದ ಹೋದ ಕ್ರೀಡಾಪಟುಗಳಿಗೆ ದೇಶದೊಳಗೆ ಹಿಮದ ಮೇಲೆ ಅಭ್ಯಾಸಕ್ಕೆ ಸಿಗುವುದು ಕೆಲವೇ ವಾರಗಳು. ಅವುಗಳಲ್ಲೂ ಒಂದೆರಡು ಹೀಗೆ ಕಳೆದುಹೋದರೆ ಉಳಿಯುವುದು ಡಾಂಬರು ರಸ್ತೆಯ ಮೇಲೆ ಗಾಲಿಗಳ ರೋಲರ್ ಸ್ಕೀ ಅಥವಾ ವಿದೇಶದ ಖರ್ಚು.

ಇಂಥ ಹೊತ್ತಿನಲ್ಲಿ ಗುಲ್ಮಾರ್ಗ್‌ಗೂ ಹಿಮದ ಫಿರಂಗಿ ತರಿಸಬೇಕೆಂಬ ಬೇಡಿಕೆ ಏಳುವುದು ಸಹಜ. ಆದರೆ ಭಾರತ ಈ ಪ್ರಯೋಗವನ್ನು ಈಗಾಗಲೇ ಒಮ್ಮೆ ಮಾಡಿದೆ. 2011ರ ಜನವರಿಯಲ್ಲಿ ನಡೆದ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕಾಗಿ ಉತ್ತರಾಖಂಡದ ಔಲಿಯಲ್ಲಿ ಹಿಮ ತಯಾರಿಸುವ ಯಂತ್ರಗಳನ್ನು ಅಳವಡಿಸಿ, ಅವಕ್ಕೆ ನೀರುಣಿಸಲು ಎತ್ತರದಲ್ಲಿ ಕೃತಕ ಕೆರೆಯನ್ನೂ ಕಟ್ಟಿದ್ದರು. ಆ ಯಂತ್ರಗಳು ಕೆಲಸ ಮಾಡದೆ ನಿಂತಿವೆ ಎಂಬ ವರದಿಗಳು ಅಲ್ಲಿಂದಾಚೆಗೆ ಪದೇ ಪದೇ ಬಂದಿವೆ. 2023ರ ಫೆಬ್ರವರಿಯಲ್ಲಿ ಔಲಿಯ ರಾಷ್ಟ್ರೀಯ ಸ್ಪರ್ಧೆಗಳು ಹಿಮವಿಲ್ಲದೆ ರದ್ದಾದಾಗ ಅವು ನೆರವಿಗೆ ಬರಲಿಲ್ಲ. ಕೆಳಗಿನ ಜೋಶಿಮಠದಲ್ಲಿ ಮನೆಗಳ ಗೋಡೆ ಬಿರಿದು ಜನ ಊರು ಬಿಟ್ಟ ಚಳಿಗಾಲವೂ ಅದೇ. ಸಡಿಲ ಮಣ್ಣಿನ ಆ ಬೆಟ್ಟದ ಮೇಲೆ ಇನ್ನಷ್ಟು ನೀರು ಕೂಡಿಡುವ ಮಾತನ್ನು ಯಾರಾದರೂ ಆಡುವುದಾದರೆ ಭೂವಿಜ್ಞಾನಿಗಳನ್ನು ಮೊದಲು ಕೇಳಬೇಕು.

ಗುಲ್ಮಾರ್ಗ್ 2,650 ಮೀಟರ್ ಎತ್ತರದಲ್ಲಿದೆ, ಗೊಂಡೋಲಾ ಎಂಬ ಕೇಬಲ್ ಕಾರು ಏರಿದರೆ 3,900 ಮೀಟರಿಗೂ ಮೇಲಕ್ಕೆ ಹೋಗಬಹುದು. ಅಲ್ಲಿ ಯಂತ್ರಕ್ಕೆ ಬೇಕಾದ ಚಳಿ ಔಲಿಗಿಂತ ಹೆಚ್ಚು ಗಂಟೆ ಸಿಗಬಹುದು, ಸಿಗದಿರಲೂಬಹುದು. ತೀರ್ಮಾನಿಸಲು ಡಿಸೆಂಬರ್ ಮತ್ತು ಜನವರಿ ರಾತ್ರಿಗಳ ವೆಟ್ ಬಲ್ಬ್ ದಾಖಲೆಗಳು ಗಂಟೆಗಂಟೆಯ ಲೆಕ್ಕದಲ್ಲಿ ಕೈಯಲ್ಲಿರಬೇಕು. ಹತ್ತು ಹೆಕ್ಟೇರಿಗೆ ತಳಪದರ ಹಾಸುವುದೆಂದರೂ ಒಂದು ಕೋಟಿ ಮೂವತ್ತು ಲಕ್ಷ ಲೀಟರಿಗೂ ಹೆಚ್ಚು ನೀರು ಬೇಕು. ಆ ನೀರನ್ನು ತೆಗೆಯಬೇಕಾಗುವುದು, ಹಿಮ ಬೀಳದ ಚಳಿಗಾಲದ ನಂತರ ಸೇಬಿನ ತೋಟಗಳಿಗೂ ಕುಡಿಯುವ ನೀರಿಗೂ ತತ್ವಾರವಾಗುವ ಅದೇ ಕಣಿವೆಯ ಹಳ್ಳಗಳಿಂದ. ಸಹಜ ಹಿಮ ಬಿದ್ದ ವರ್ಷ ಅದು ಸ್ಕೀಯರ್‌ಗಳಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಕೆಳಗಿನ ರೈತರಿಗೆ ಕೆಲಸಕ್ಕೆ ಬರುತ್ತದೆ. ಫಿರಂಗಿಯ ಹಿಮ ಆ ಕೊರತೆಯನ್ನು ತುಂಬುವುದಿಲ್ಲ, ಇರುವ ನೀರಿನಲ್ಲೇ ಪಾಲು ಕೇಳುತ್ತದೆ. ಟೆಂಡರ್ ಕರೆಯುವ ಮುನ್ನ ಈ ಎರಡು ಅಳತೆಗಳು, ಚಳಿಯ ಗಂಟೆಗಳದ್ದು ಮತ್ತು ಹಳ್ಳದ ಹರಿವಿನದ್ದು, ಸಾರ್ವಜನಿಕರ ಮುಂದೆ ಬರಬೇಕು.